ಜರ್ಮನಿಯ ಆಫೀಸಿನಲ್ಲಿ ನಮ್ಮ ‘ಹೂಂ’

ಬೆಂಗಳೂರಿನ ಆಫೀಸಿನಿಂದ ಸ್ಟುಟ್‌ಗಾರ್ಟಿಗೆ ಬರುತ್ತಿದ್ದೀರಿ, ಕೆಲಸಕ್ಕೆ ಹೆದರಿಕೆಯಿಲ್ಲ, ‘ಅಲ್ಲಿಯವರು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರಂತೆ, ಹೇಗೆ ನಿಭಾಯಿಸೋದು?’ ಎಂದು ಕೇಳಿದ್ದೀರಿ. ಮಾತಾಡುವುದು ನಿಜ. ಆದರೆ ಹೊಸಬರು ಪೇಚಿಗೆ ಸಿಕ್ಕುವುದು ಅವರ ಮಾತಿನಿಂದ ಕಡಿಮೆ, ನಮ್ಮ ‘ಹೂಂ’ನಿಂದ ಹೆಚ್ಚು.

ಮ್ಯಾನೇಜರ್ ಮಾತಾಡುವಾಗ ನಾವು ಹೂಂಗುಟ್ಟುವುದು ‘ಕೇಳಿಸ್ಕೊಳ್ತಾ ಇದೀನಿ’ ಅನ್ನೋದಕ್ಕೆ. ‘ಆಯ್ತು ಸರ್, ಶುಕ್ರವಾರದೊಳಗೆ ನೋಡ್ತೀನಿ’ ಅಂದರೆ ಆಗಬಹುದು, ಆಗದೆಯೂ ಇರಬಹುದು; ಅದು ಇಬ್ಬರಿಗೂ ಗೊತ್ತು. ಇಲ್ಲಿ ಶುಕ್ರವಾರಕ್ಕೆ ‘ಯಾ’ (ಹೌದು) ಅಂದಿರೋ, ಎದುರಿನವರು ಸೋಮವಾರದ ತಮ್ಮ ಕೆಲಸವನ್ನು ಅದರ ಮೇಲೆ ಕಟ್ಟಿಬಿಡುತ್ತಾರೆ. ನಡುವೆ ಯಾರೂ ಬಂದು ‘ಎಲ್ಲಿಗೆ ಬಂತು?’ ಎಂದು ವಿಚಾರಿಸುವುದು ಕಡಿಮೆ. ಕೇಳಲಿಲ್ಲ ಅಂದರೆ ಅವಸರವಿಲ್ಲ ಎಂದುಕೊಳ್ಳಬೇಡಿ.

ತಡವಾಗುವುದು ಇಲ್ಲಿ ಅಪರಾಧವಲ್ಲ, ತಡವಾಗಿ ಹೇಳುವುದು ಅಪರಾಧ. ಹೇಳುವ ರೀತಿ ಹೀಗಿರಲಿ: ‘ಇಂಟರ್‌ಫೇಸ್ ಟೆಸ್ಟ್ ಶುಕ್ರವಾರಕ್ಕೆ ಮುಗಿಯುವುದಿಲ್ಲ. ಟೆಸ್ಟ್ ಬೆಂಚ್ ಗುರುವಾರದವರೆಗೆ ಬೇರೆ ತಂಡದ ಹತ್ತಿರ ಇದೆ. ಮುಂದಿನ ಮಂಗಳವಾರ ಮಧ್ಯಾಹ್ನ 12ಕ್ಕೆ ಕೊಡುತ್ತೇನೆ. ನಾಳೆಯೇ ಬೆಂಚ್ ಸಿಕ್ಕರೆ ಶುಕ್ರವಾರಕ್ಕೇ ಆಗುತ್ತದೆ.’ ಏನು ಆಗುತ್ತಿಲ್ಲ, ಯಾಕೆ, ಹೊಸ ದಿನ ಯಾವುದು, ನಿಮಗೇನು ಬೇಕು, ಅಷ್ಟೇ. ಕ್ಷಮೆ ಕೇಳುವ ಪೀಠಿಕೆ ಬೇಡ. ಇದನ್ನು ಈ ಮಂಗಳವಾರವೇ ಕಳಿಸಿದರೆ ಬೆಂಚ್ ಕೊಡಿಸಲು ಮ್ಯಾನೇಜರಿಗೆ ಸಮಯವಿರುತ್ತದೆ. ರಾತ್ರಿ ಕೂತು ಹೇಗೋ ಮುಗಿಸೋಣ ಎಂದು ಕಾದು ಗುರುವಾರ ಸಂಜೆ ಕಳಿಸಿದರೆ, ಅದೇ ನಾಲ್ಕು ಸಾಲು ಬರೀ ನೆಪವಾಗಿ ಕಾಣುತ್ತದೆ.

‘ಹೂಂ’ನ ಇನ್ನೊಂದು ಉಪದ್ರವವಿದೆ. ‘ಟೆಸ್ಟ್ ಮಾಡಿಲ್ವಾ?’ ಅಂದರೆ ನಮ್ಮಲ್ಲಿ ‘ಹೂಂ, ಮಾಡಿಲ್ಲ’ ಅನ್ನಬಹುದು. ಅದೇ ಅಭ್ಯಾಸದಲ್ಲಿ ಇಂಗ್ಲಿಷಿನಲ್ಲಿ ಬರೀ ‘ಯೆಸ್’ ಅಂದರೆ ಟೆಸ್ಟ್ ಮುಗಿದಿದೆ ಎಂದೇ ತಿಳಿಯುತ್ತಾರೆ. ಜರ್ಮನ್ನಿನಲ್ಲಂತೂ ಇದಕ್ಕೆಂದೇ ಬೇರೆ ಪದವಿದೆ: ಮಾಡಿಲ್ಲ ಅನ್ನಲು ‘ನೈನ್’, ‘ಇಲ್ಲ, ಮಾಡಿದ್ದೇನೆ’ ಅನ್ನಲು ‘ಡೋಖ್’. ನಾಲಿಗೆಗೆ ಅದು ಒಗ್ಗುವವರೆಗೆ ಯೆಸ್-ನೋ ಬಿಟ್ಟು ಪೂರ್ತಿ ವಾಕ್ಯ ಹೇಳಿ. ತಲೆಯನ್ನು ಅತ್ತಿತ್ತ ಓಲಾಡಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವರಿಗೆ ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ.

ಒರಟರೆಂದು ನಾವು ಅವರನ್ನು ಅನ್ನುತ್ತೇವೆ, ಅವರಿಗೂ ನಾವು ಒರಟಾಗಿ ಕೇಳಿಸುತ್ತೇವೆ. ಕನ್ನಡದಲ್ಲಿ ಮರ್ಯಾದೆಯೆಲ್ಲ ಕ್ರಿಯಾಪದದ ಕೊನೆಯಲ್ಲಿದೆ: ‘ಕಳಿಸಿ’, ‘ಕಳಿಸ್ತೀರಾ’. ‘ದಯವಿಟ್ಟು’ ಇರುವುದು ಹೆಚ್ಚಾಗಿ ಬೋರ್ಡುಗಳ ಮೇಲೆ. ಆ ‘ಇ’ ಮತ್ತು ‘ರಾ’ಗಳು ಇಂಗ್ಲಿಷಿಗೆ ಹೋಗುವಾಗ ಉದುರಿಹೋಗಿ ‘ಸೆಂಡ್ ಮಿ ದ ಫೈಲ್’ ಉಳಿಯುತ್ತದೆ. ‘ಬಿಟ್ಟೆ’ (ದಯವಿಟ್ಟು) ಮತ್ತು ‘ಡಾಂಕೆ’ಯನ್ನು (ಧನ್ಯವಾದ) ಉಪ್ಪಿನ ಹಾಗೆ ದಿನವೂ ಬಳಸಿ. ‘ಸರ್’ ಮಾತ್ರ ಪೂರ್ತಿ ಬಿಟ್ಟುಬಿಡಿ.

‘ಡು’ ಮತ್ತು ‘ಝೀ’ ನಮ್ಮ ನೀನು-ನೀವು ತರಹವೇ, ಒಂದು ವ್ಯತ್ಯಾಸ ಬಿಟ್ಟು. ನಮ್ಮಲ್ಲಿ ಹಿರಿಯರು ‘ನೀನು’ ಅಂದರೂ ನಾವು ‘ನೀವು’ ಅನ್ನುತ್ತೇವೆ. ಇಲ್ಲಿ ವಯಸ್ಕರ ನಡುವೆ ಅದು ಎರಡೂ ಕಡೆ ಒಂದೇ. ಹಿರಿಯರು ‘ಡು’ ಅನ್ನೋಣ ಎಂದ ಮೇಲೂ ನೀವು ‘ಝೀ’ ಎಂದರೆ ಗೌರವವಾಗುವುದಿಲ್ಲ, ದೂರ ಇಟ್ಟ ಹಾಗಾಗುತ್ತದೆ.

ಸಮಯದ ವಿಷಯದಲ್ಲಿ ಮೋಸಹೋಗುವುದು ಸುಲಭ. ‘ಹಾಲ್ಪ್ ಡ್ರೈ’ ಅಂದರೆ ಅರ್ಧ-ಮೂರು. ನಮಗೆ ಮೂರೂವರೆ ಎಂದು ಕೇಳಿಸುತ್ತದೆ, ಅದು ಎರಡೂವರೆ. ಇಪ್ಪತ್ತೊಂದನ್ನು ‘ಒಂದು-ಮತ್ತು-ಇಪ್ಪತ್ತು’ ಅನ್ನುತ್ತಾರೆ, ಫೋನಿನಲ್ಲಿ 21 ಹೋಗಿ 12 ಆಗುತ್ತದೆ. ಒಂದೊಂದೇ ಅಂಕಿ ತಿರುಗಿ ಓದಿ ಹೇಳಿ. ತಾರೀಕಿನ ಬದಲು ‘ಕಾ-ವೇ 37’ ಅನ್ನುವುದೂ ಸಾಮಾನ್ಯ, ಅಂದರೆ ವರ್ಷದ 37ನೇ ವಾರ. ಔಟ್‌ಲುಕ್ ಕ್ಯಾಲೆಂಡರಿನಲ್ಲಿ ವಾರದ ಸಂಖ್ಯೆ ಕಾಣುವ ಹಾಗೆ ಮಾಡಿ, ವಾರ ಸೋಮವಾರ ಶುರುವಾಗಲಿ, ವರ್ಷದ ಮೊದಲ ವಾರ ‘ಕನಿಷ್ಠ ನಾಲ್ಕು ದಿನವಿರುವ ವಾರ’ ಎಂದು ಆರಿಸಿ. ‘ಜನವರಿ 1ರಿಂದ’ ಎಂದು ಬಿಟ್ಟರೆ, ಆ ದಿನ ಶುಕ್ರವಾರ, ಶನಿವಾರ ಅಥವಾ ಭಾನುವಾರ ಬೀಳುವ ವರ್ಷಗಳಲ್ಲಿ ನಿಮ್ಮ ಲೆಕ್ಕ ವರ್ಷವಿಡೀ ಒಂದು ವಾರ ತಪ್ಪುತ್ತದೆ. 2027 ಅಂಥ ವರ್ಷ.

ಇನ್ನು ಮುಖಕ್ಕೆ ಹೊಡೆದ ಹಾಗೆ ಮಾತು. ಹತ್ತು ಜನರೆದುರು ‘ಈ ಡಿಸೈನ್ ನಡೆಯಲ್ಲ’ ಎನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ‘ಮಾಲ್‌ತ್ಸೈಟ್’ ಎಂದು ಊಟಕ್ಕೆ ಕರೆಯುತ್ತಾರೆ. ಬಿದ್ದದ್ದು ಡಿಸೈನಿಗೆ, ನಿಮಗಲ್ಲ. ಆಗ ಸಮಜಾಯಿಷಿ ಕೊಡಲು ಹೋಗಬೇಡಿ. ಯಾವ ಭಾಗ, ಯಾವ ಸಂದರ್ಭದಲ್ಲಿ ನಡೆಯುವುದಿಲ್ಲ, ಹೇಗಿದ್ದರೆ ಒಪ್ಪುತ್ತೀರಿ ಎಂದು ಕೇಳಿ ಬರೆದುಕೊಳ್ಳಿ. ಅವರು ಹೇಳಿದ್ದು ತಪ್ಪಾಗಿದ್ದರೆ ಅಲ್ಲೇ ಹೇಳಿ, ಅಂಕಿ ಇಟ್ಟು. ಮೀಟಿಂಗಿನಲ್ಲಿ ಬಾಯಿಮುಚ್ಚಿಕೊಂಡಿದ್ದು ಆಮೇಲೆ ಕಾರಿಡಾರಿನಲ್ಲಿ ತಕರಾರು ತೆಗೆಯುವವರನ್ನು ಇಲ್ಲಿ ಯಾರೂ ಮೆಚ್ಚುವುದಿಲ್ಲ.

ಹೊಗಳಿಕೆಗೆ ಕಾಯಬೇಡಿ. ‘ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ’ ಎಂಬ ಅರ್ಥದ ಗಾದೆಯೇ ಈ ಶ್ವಾಬಿಯಾ ಸೀಮೆಯಲ್ಲಿದೆ. ಆದರೆ ಅದನ್ನೇ ನಂಬಿ ಕೂರುವುದೂ ಅಪಾಯ. ಪ್ರೊಬೇಷನ್ ಹೆಚ್ಚೆಂದರೆ 6 ತಿಂಗಳು. ಆ ಅವಧಿಯಲ್ಲಿ ಸಾಮಾನ್ಯವಾಗಿ ಎರಡೇ ವಾರದ ನೋಟಿಸಿನಲ್ಲಿ ಯಾರು ಬೇಕಾದರೂ ಒಪ್ಪಂದ ಮುರಿಯಬಹುದು. ಆದ್ದರಿಂದ ಆರನೇ ವಾರದಲ್ಲೊಮ್ಮೆ, ಮೂರನೇ ತಿಂಗಳ ಕೊನೆಗೊಮ್ಮೆ ನೀವೇ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ‘ಎಲ್ಲಾ ಸರಿ ಇದೆಯಾ?’ ಎಂದು ಕೇಳಿದರೆ ‘ಪಾಸ್ಟ್’ ಎಂಬ ಒಂದೇ ಪದ ಸಿಗುತ್ತದೆ, ನಡೆಯುತ್ತೆ ಅಂತ. ‘ಮುಂದಿನ ಎರಡು ತಿಂಗಳಲ್ಲಿ ನಾನು ಯಾವ ಒಂದು ವಿಷಯ ಬದಲಿಸಬೇಕು?’ ಎಂದು ಕೇಳಿ.

ಭಾಷೆ ಕಲಿಯಲೇಬೇಕಾ ಎಂದರೆ, ಮೀಟಿಂಗಿಗೆ ಇಂಗ್ಲಿಷ್ ಸಾಕು, ಕಾಫಿ ಮೆಷಿನ್ ಪಕ್ಕದ ಮಾತಿಗೆ ಸಾಲದು. ‘ಮಂಗಳೂರ ಸಮಾಚಾರ’ (1843) ಪತ್ರಿಕೆ ಹೊರಡಿಸಿದ ಜರ್ಮನ್ ಪಾದ್ರಿ ಮೋಗ್ಲಿಂಗ್ ತೀರಿಕೊಂಡದ್ದು ಇಲ್ಲೇ ಪಕ್ಕದ ಎಸ್ಲಿಂಗನ್‌ನಲ್ಲಿ, 1894ರ ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟೆಲ್ ತುಸು ದೂರದ ಟ್ಯೂಬಿಂಗನ್‌ನಲ್ಲಿ. ಅವರು ನಮ್ಮ ಒತ್ತಕ್ಷರ ಪಳಗಿಸಿಕೊಂಡರು, ನಾವು ಜರ್ಮನ್ನಿನ ಲಿಂಗಸೂಚಕ ಡೆರ್-ಡೀ-ಡಾಸ್‌ಗೆ ಅಂಜುವುದೇನು.

ಕೊನೆಯದಾಗಿ, ಇಷ್ಟು ನೇರವಾಗಿ ಮಾತಾಡುವ ಜನ ಒಂದೇ ಒಂದು ಕಡೆ ಒಗಟಿನಲ್ಲಿ ಬರೆಯುತ್ತಾರೆ: ಕೆಲಸ ಬಿಡುವಾಗ ಕೊಡುವ ‘ತ್ಸೊಯ್ಗ್ನಿಸ್’ ಎಂಬ ಕೆಲಸದ ಪ್ರಮಾಣಪತ್ರದಲ್ಲಿ. ಅದು ಓದಲು ಚೆನ್ನಾಗಿರಲೇಬೇಕು, ಹಾಗಾಗಿ ಶ್ರೇಣಿಯನ್ನು ಪದಗಳಲ್ಲಿ ಅಡಗಿಸುತ್ತಾರೆ. ‘ಯಾವಾಗಲೂ ನಮಗೆ ಸಂಪೂರ್ಣಾತಿ ಸಂಪೂರ್ಣ ತೃಪ್ತಿ’ (‘ಶ್ಟೆಟ್ಸ್’, ‘ಫೊಲ್‌ಸ್ಟನ್’) ಎಂದಿದ್ದರೆ ಒಂದನೇ ದರ್ಜೆ; ‘ಯಾವಾಗಲೂ’ ಇಲ್ಲದೆ ಬರೀ ‘ಪೂರ್ಣ ತೃಪ್ತಿ’ ಎಂದಿದ್ದರೆ ಮೂರನೆಯದು; ‘ಪ್ರಯತ್ನಪಟ್ಟರು’ ಎಂದಿದ್ದರೆ ಫೇಲು. ನಿಮ್ಮ ಮ್ಯಾನೇಜರ್ ಬದಲಾಗುವ ಸುದ್ದಿ ಬಂದ ವಾರವೇ ಅಂಥದೇ ಮಧ್ಯಂತರ ಪತ್ರ ಕೇಳಿ ಇಟ್ಟುಕೊಳ್ಳಿ; ನಿಮ್ಮ ಕೆಲಸ ಕಂಡವರು ಹೋದ ಮೇಲೆ ಹೊಸಬರು ಬರೆಯುವುದಾದರೂ ಏನನ್ನು?