ಓದಿ ಮುಗಿಸಿದ ಪುಸ್ತಕಕ್ಕೆ ಪಾಠ ಯಾಕೆ?

"ಮಗ ಎಂಟನೇ ಕ್ಲಾಸು. ಇಂಗ್ಲಿಷ್ ಮೇಷ್ಟ್ರು ಹ್ಯಾರಿ ಪಾಟರ್ ಸರಣಿಯ ಮೂರನೇ ಪುಸ್ತಕ ಪಾಠ ಮಾಡುತ್ತಿದ್ದಾರೆ. ಅವನು ಅದನ್ನು ಯಾವತ್ತೋ ಓದಿ ಮುಗಿಸಿದ್ದಾನೆ. ರಜೆಯಲ್ಲಿ ಓದುವ ಮಂತ್ರವಾದಿ ಕಥೆಗೆ ಪಾಠ ಯಾಕೆ? ಫೀಸು ಕಟ್ಟೋದು ಇದಕ್ಕಾ?"
– ಒಬ್ಬ ತಾಯಿ, ಶಿವಮೊಗ್ಗ

ಸಂಪಾದಕರ ಉತ್ತರ:

ಫೀಸಿನ ವಿಷಯಕ್ಕೆ ನಾನು ತಲೆ ಹಾಕುವುದಿಲ್ಲ ಮೇಡಂ. ಆದರೆ ಮೇಷ್ಟ್ರ ಪರವಾಗಿ ನಾಲ್ಕು ಮಾತು ಹೇಳಲೇಬೇಕು. ಮಗ ಆಗಲೇ ಓದಿದ್ದಾನೆ ಅಂದಿರಲ್ಲ, ಅದೇ ಅನುಕೂಲ. ಮುಂದೇನಾಯಿತು ಅಂತ ಹೇಳುವ ಕೆಲಸ ಮೇಷ್ಟ್ರಿಗೆ ಉಳಿಯಲಿಲ್ಲ. ಕಥೆಯನ್ನು ಹೇಗೆ ಕಟ್ಟಿದ್ದಾರೆ ಅಂತ ನೋಡಲು ಪೂರ್ತಿ ಪೀರಿಯಡ್ಡು ಸಿಕ್ಕಿತು.

1999ರಲ್ಲಿ ಬಂದ ಆ ಪುಸ್ತಕದ ಒಂದೇ ಒಂದು ಅಧ್ಯಾಯ ತೆಗೆದುಕೊಳ್ಳಿ. ಮಂತ್ರವಿದ್ಯೆ ಕಲಿಸುವ ಶಾಲೆಯ ಲೂಪಿನ್ ಮೇಷ್ಟ್ರು ಮಕ್ಕಳನ್ನು ಸ್ಟಾಫ್‌ರೂಮಿಗೆ ಕರೆದುಕೊಂಡು ಹೋಗುತ್ತಾರೆ. ಬೀರುವಿನೊಳಗೆ ಬೋಗಾರ್ಟ್ ಅಡಗಿದೆ. ಎದುರಿಗಿರುವವರು ಯಾವುದಕ್ಕೆ ಹೆದರುತ್ತಾರೋ ಅದರ ರೂಪ ತಾಳುವ ಜೀವಿ ಅದು. ನೆವಿಲ್ ಎಂಬ ಪುಕ್ಕಲ ಹುಡುಗನಿಗೆ ಸ್ನೇಪ್ ಮೇಷ್ಟ್ರನ್ನು ಕಂಡರೆ ನಡುಕ. ನಿಮ್ಮಜ್ಜಿ ಎಂಥ ಬಟ್ಟೆ ಹಾಕುತ್ತಾರೆ ಅಂತ ಲೂಪಿನ್ ಅವನನ್ನು ಕೇಳುತ್ತಾರೆ. ಬೀರು ತೆರೆದರೆ ಸ್ನೇಪ್! ಭಯವನ್ನು ನಗೆಪಾಟಲು ಮಾಡುವ ಮಂತ್ರವನ್ನು ಹುಡುಗ ಹೇಳಿದ್ದೇ ತಡ, ಸ್ನೇಪ್ ಮೈಮೇಲೆ ಅಜ್ಜಿಯ ಉದ್ದ ಗೌನು, ತಲೆಗೆ ರಣಹದ್ದು ಕೂರಿಸಿದ ಟೋಪಿ, ಕೈಯಲ್ಲಿ ಕೆಂಪು ಹ್ಯಾಂಡ್‌ಬ್ಯಾಗು. ಇದನ್ನು ಯಾವ ಮಗುವಿಗೂ ವಿವರಿಸಬೇಕಿಲ್ಲ.

ಪಾಠ ಶುರುವಾಗುವುದು ಆಮೇಲೆ. ಹ್ಯಾರಿಯ ಸರದಿ ಬಂದಾಗ ಲೂಪಿನ್ ಅಡ್ಡ ಬಂದು ನಿಲ್ಲುತ್ತಾರೆ. ಬೋಗಾರ್ಟ್ ಬೆಳ್ಳಿ ಬಣ್ಣದ ಗುಂಡಾಗುತ್ತದೆ. ಇವರಿಗೆ ಭವಿಷ್ಯ ನೋಡುವ ಗಾಜಿನ ಗುಂಡು ಕಂಡರೆ ಯಾಕಪ್ಪಾ ಭಯ ಅಂತ ಹುಡುಗಿಯೊಬ್ಬಳು ಅನ್ನುತ್ತಾಳೆ. ನಾವೂ ಅವಳ ಮಾತು ನಂಬಿ ಪುಟ ತಿರುಗಿಸುತ್ತೇವೆ. ಅದು ಹುಣ್ಣಿಮೆ ಚಂದ್ರ, ಲೂಪಿನ್ ಹುಣ್ಣಿಮೆ ಬಂದರೆ ತೋಳವಾಗುವ ತೋಳಮನುಷ್ಯ ಅಂತ ತಿಳಿಯುವುದು ಎಷ್ಟೋ ಪುಟಗಳ ನಂತರ. ಲೇಖಕಿ ರೌಲಿಂಗ್ ಸುಳಿವನ್ನು ಕಣ್ಣೆದುರಿಗೇ ಇಟ್ಟು, ಒಂದು ಪಾತ್ರದ ಬಾಯಲ್ಲಿ ತಪ್ಪು ಅರ್ಥ ಹೇಳಿಸಿಬಿಟ್ಟಿದ್ದಾರೆ. ಇತ್ತ ಹ್ಯಾರಿಗೆ, ತನ್ನನ್ನು ಕೈಲಾಗದವನು ಅಂದುಕೊಂಡರೇನೋ ಎಂಬ ಕೊರಗು. ಲೂಪಿನ್ ಅಡ್ಡ ಬಂದದ್ದು ಬೇರೆಯದಕ್ಕೆ: ಹ್ಯಾರಿಯ ಶತ್ರು, ದುಷ್ಟ ಮಂತ್ರವಾದಿ ವೋಲ್ಡೆಮಾರ್ಟ್‌ನ ರೂಪ ಎದ್ದು ಬಂದರೆ ಇಡೀ ಕ್ಲಾಸು ಹೆದರೀತು ಅಂತ. ಕಥೆಯನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಅಂತ ಗಮನಿಸುವುದನ್ನು ಇದಕ್ಕಿಂತ ಸಲೀಸಾಗಿ ಕಲಿಸುವುದು ಕಷ್ಟ. ಮನೆಯಲ್ಲಿ ಒಂದೇ ಉಸಿರಿಗೆ ಓದುವಾಗ ಇದೆಲ್ಲ ಜಾರಿಹೋಗುತ್ತದೆ.

ಮಂತ್ರವಾದಿ ಕಥೆ ಎಂಬ ಅಳುಕು ನಿಮಗೊಬ್ಬರಿಗೇ ಅಲ್ಲ. ಅಮೆರಿಕದ ಅರ್ಕನ್ಸಾಸ್ ರಾಜ್ಯದ ಸೀಡರ್‌ವಿಲ್‌ನಲ್ಲಿ, ಅಪ್ಪ-ಅಮ್ಮನ ಒಪ್ಪಿಗೆ ಚೀಟಿ ತಂದರಷ್ಟೇ ಈ ಪುಸ್ತಕ ಕೊಡಬೇಕು ಅಂತ ಶಾಲಾ ಮಂಡಳಿ ಹಟ ಹಿಡಿದಿತ್ತು. 2003ರಲ್ಲಿ ಕೋರ್ಟು ಆ ನಿರ್ಬಂಧ ತೆಗೆಸಿತು. ನಾವೆಲ್ಲ ಬೇತಾಳನ ಕಥೆ ಕೇಳಿಯೇ ದೊಡ್ಡವರಾದೆವು, ಹಾಗಂತ ಯಾರೂ ಹೆಣ ಹೊರಲು ಸ್ಮಶಾನಕ್ಕೆ ಹೋಗಲಿಲ್ಲ ಅಲ್ವಾ?

ನನ್ನ ಹೆದರಿಕೆ ಇರುವುದು ಪರೀಕ್ಷೆಯ ಬಗ್ಗೆ. ನೆವಿಲ್‌ನ ಅಜ್ಜಿಯ ಹ್ಯಾಂಡ್‌ಬ್ಯಾಗಿನ ಬಣ್ಣ ಯಾವುದು ಅಂತ ಒಂದು ಅಂಕದ ಪ್ರಶ್ನೆ ಬಂದರೆ, ಸುಮ್ನೆ ಕೂರಬೇಡಿ. ಶಾಲೆಗೆ ಹೋಗಿ ಜಗಳ ಆಡಿ. ಆಗ ನಾನು ನಿಮ್ಮ ಕಡೆ.