ಆಗಸ್ಟ್‌ನಲ್ಲಿ ಹೊಡೆದ ಪೇಂಟ್ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ ತೋಟದ ಮನೆ. ಅಡುಗೆಮನೆಯ ಮರದ ಕಪಾಟುಗಳು ಅಜ್ಜನ ಕಾಲದವು. ಹೋದ ಆಗಸ್ಟ್‌ನಲ್ಲಿ ರಜೆ ಇತ್ತೆಂದು ನಾವೇ ಬಿಳಿ ಎನಾಮೆಲ್ ಹೊಡೆದೆವು. ಈಗ ಒಲೆ ಪಕ್ಕದ ಬಾಗಿಲಲ್ಲಿ ಪೇಂಟ್ ಸಿಪ್ಪೆ ಏಳುತ್ತಿದೆ. ಉಳಿದ ಬಾಗಿಲುಗಳು ಚೌಕಟ್ಟಿಗೆ ಅಂಟುತ್ತವೆ. ಒಳಗೆ ಕಪ್ಪು ಬೂಷ್ಟು. ಎಲ್ಲ ಕಿತ್ತು ಪ್ಲೈವುಡ್ ಹಾಕಿಸುವುದೇ ಒಳ್ಳೆಯದಾ?

ಉತ್ತರ: ದಯವಿಟ್ಟು ಕೀಳಬೇಡಿ. ಅಷ್ಟು ವರ್ಷ ಹದವಾಗಿ ಒಣಗಿದ ಮರ ಇವತ್ತು ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಕೆಟ್ಟಿರುವುದು ಪೇಂಟ್ ಮಾತ್ರ.

ಮಡಿಕೇರಿಯ ಆಗಸ್ಟ್‌ನಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ? ಗಾಳಿಯ ತೇವಾಂಶ ಶೇ 85 ದಾಟಿದರೆ ಪೇಂಟ್ ಡಬ್ಬ ತೆರೆಯಬಾರದು ಅನ್ನುವುದು ಈ ಕೆಲಸದವರ ಲೆಕ್ಕ. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿರುತ್ತದೆ. ಅದರ ಮೇಲೆ ಎನಾಮೆಲ್ ಮುಚ್ಚಿದರೆ ಒಳಗಿನ ತೇವ ಹೊರಗೆ ಬರುವಾಗ ಪೇಂಟನ್ನೇ ಎಬ್ಬಿಸುತ್ತದೆ. ಒಲೆ ಪಕ್ಕದ ಬಾಗಿಲಿಗೆ ಜಿಡ್ಡಿನ ಕಾಟವೂ ಇದೆ. ವರ್ಷಗಟ್ಟಲೆ ಒಗ್ಗರಣೆಯ ಎಣ್ಣೆ, ಸೌದೆಯ ಹೊಗೆ ಕೂತ ಮರವನ್ನು ಸುಮ್ನೆ ಒರೆಸಿದರೆ ಸಾಲದು.

ಅಂಟುವ ಬಾಗಿಲಿಗೆ ಮಳೆಯಲ್ಲಿ ಕೀಸುಳಿ ಹೊಡೆಸಬೇಡಿ. ಜನವರಿಗೆ ಮರ ಕುಗ್ಗುತ್ತದೆ. ಆಗ ನೋಡಿದರೆ ಬೆರಳು ತೂರುವಷ್ಟು ಸಂದಿ ಬಿದ್ದಿರುತ್ತದೆ.

ಕೊಡಗಿನಲ್ಲಿ ಈ ಕೆಲಸಕ್ಕೆ ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಮುಗಿಯಬೇಕು. ಆದರೆ ಕಾಫಿ ಕೊಯ್ಲಿನ ನಡುವೆ ಬೇಡ. ಕಾಫಿ ಒಣಗಿಸುವ ಕಣದ ಧೂಳು ಹಸಿ ಪೇಂಟಿನ ಮೇಲೆ ಕೂರುತ್ತದೆ, ಮನೆಯವರಿಗೂ ಪುರುಸೊತ್ತಿರುವುದಿಲ್ಲ. ಕಣ ಖಾಲಿಯಾದ ಮೇಲೆ, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬರುವ ಮೊದಲು ಸಿಗುವ ಒಣ ದಿನಗಳನ್ನು ಹಿಡಿಯಿರಿ. ಬೆಳಗಿನ ಮಂಜು ಹೋದ ಮೇಲೆಯೇ ಬ್ರಷ್ ಎತ್ತಿ.

ಅದಕ್ಕೂ ಮೊದಲು ಕಪಾಟಿನ ಹಿಂದಿನ ಗೋಡೆ ನೋಡಿ. ಪ್ಲಾಸ್ಟಿಕ್ ತುಂಡೊಂದನ್ನು ನಾಲ್ಕೂ ಬದಿ ಟೇಪ್ ಹಾಕಿ ಒಂದು ದಿನ ಅಂಟಿಸಿ. ಅದರ ಹಿಂದೆ ನೀರಿನ ಹನಿ ಕಂಡರೆ ಗೋಡೆ ಒಸರುತ್ತಿದೆ ಎಂದರ್ಥ. ಅದನ್ನು ಸರಿಮಾಡದೆ ಪೇಂಟ್ ಹೊಡೆದರೆ ಬೂಷ್ಟು ಮತ್ತೆ ಬರುತ್ತದೆ.

ಬಾಗಿಲುಗಳನ್ನು ಕಳಚಿ, ನಂಬರ್ ಬರೆದು, ವಾಷಿಂಗ್ ಸೋಡಾ ನೀರಲ್ಲಿ ಜಿಡ್ಡು ತೊಳೆಯಿರಿ. ಚೆನ್ನಾಗಿ ನೀರು ಹಾಕಿ ತೊಳೆದ ಮೇಲೆ, ಬೂಷ್ಟು ಇರುವಲ್ಲಿ ಒಂದು ಪಾಲು ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಒರೆಸಿ. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಬ್ಲೀಚ್‌ಗೆ ಬೇರೆ ಯಾವ ಕ್ಲೀನರ್ ಕೂಡ ಸೇರಿಸಬೇಡಿ.

ಮುಂದಿನದನ್ನು ನಾನು ಹಠ ಹಿಡಿದು ಹೇಳುತ್ತೇನೆ. ಹಳೇ ಪೇಂಟನ್ನು ಒಣಗಿದ್ದಾಗ ಉಜ್ಜಬೇಡಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾಗಿದ್ದೇ 2017ರ ನವೆಂಬರ್‌ನಲ್ಲಿ. ನಿಮ್ಮ ಬಿಳಿಯ ಕೆಳಗಿರುವ ಹಳೇ ಪದರಗಳಲ್ಲಿ ಸೀಸ ಇರಬಹುದು. ಅದರ ಧೂಳು ಮಕ್ಕಳಿಗೆ ವಿಷ. ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್ ತನ್ನಿ. ಮಾಸ್ಕ್ ಹಾಕಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರ ಇಡಿ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬಾಗಿಲುಗಳನ್ನು ನೆರಳಲ್ಲಿ ನಾಲ್ಕೈದು ದಿನ ಒಣಗಲು ಬಿಡಿ.

ಉಳಿದದ್ದು ಸುಲಭ. ಒಂದು ಕೋಟ್ ಪ್ರೈಮರ್, ಅದು ಒಣಗಿದ ಮೇಲೆ 220 ನಂಬರ್ ಪೇಪರ್ ಹಗುರಾಗಿ ಆಡಿಸಿ, ಎರಡು ತೆಳು ಕೋಟ್ ಪೇಂಟ್. ಬಾಗಿಲಿನ ಹಿಂಬದಿ, ಅಂಚು ಎಲ್ಲಕ್ಕೂ ಹೊಡೆಯಿರಿ. ಒಂದೇ ಕಡೆ ಮುಚ್ಚಿದರೆ ಮರ ಇನ್ನೊಂದು ಕಡೆಯಿಂದ ತೇವ ಎಳೆದು ಸೊಟ್ಟಗಾಗುತ್ತದೆ. ಬಿಳಿಯೇ ಬೇಕೆಂದರೆ ಈ ಸಲ ನೀರಿನ ಎನಾಮೆಲ್ ತನ್ನಿ. ಎಣ್ಣೆ ಎನಾಮೆಲ್ ಬೆಳಕು ಕಡಿಮೆ ಇರುವ ಅಡುಗೆಮನೆಯಲ್ಲಿ ಹಳದಿ ತಿರುಗುತ್ತದೆ.

ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಪೇಂಟ್ ಒಳಗಿಂದ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಸೋಪು ನೀರು ಮುಟ್ಟಿಸಬೇಡಿ. ಬಾಗಿಲಿನ ಮೂಲೆಗಳಿಗೆ ಸಣ್ಣ ರಬ್ಬರ್ ಬಿಲ್ಲೆ ಅಂಟಿಸಿ, ಚೌಕಟ್ಟಿಗೆ ಅಂಟುವುದಿಲ್ಲ.