ಪಿಎಸ್ 5ಗೆ 120 ಹರ್ಟ್ಸ್ ಟಿವಿ ಬೇಕಾ?

ಪಿಎಸ್ 5 (ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5) ಮನೆಗೆ ಬಂದಾಗಿದೆ, ಈಗ 55 ಇಂಚಿನ ಟಿವಿ ತಗೋಬೇಕು; ಮಗನಿಗೆ ಗೇಮು, ಅಮ್ಮನಿಗೆ ಧಾರಾವಾಹಿ, 120 ಹರ್ಟ್ಸ್‌ಗೆ (ಅಂದ್ರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸೋ ಟಿವಿಗೆ) ಜಾಸ್ತಿ ದುಡ್ಡು ಸುರಿಯಬೇಕಾ ಅಂತ ಕೇಳಿದ್ದೀರಿ.

ಸರ್, ಮೊದಲು ಮಗ ಏನು ಆಡ್ತಾನೆ ನೋಡಿ. ಫೋರ್ಟ್‌ನೈಟ್, ಕಾಲ್ ಆಫ್ ಡ್ಯೂಟಿ ಥರದ್ದಾದರೆ ಕೊಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತೆ. ಕಥೆ ಇರುವ ಗೇಮ್‌ಗಳು ಬಹುಪಾಲು ಸೆಕೆಂಡಿಗೆ 30 ಇಲ್ಲವೇ 60 ಫ್ರೇಮ್‌ನಲ್ಲೇ (ಚಿತ್ರಗಳಲ್ಲೇ) ಓಡೋದು. ಅಷ್ಟಕ್ಕೆ ಒಳ್ಳೆ 60 ಹರ್ಟ್ಸ್ ಪ್ಯಾನೆಲ್ (ಟಿವಿಯ ಪರದೆ) ಸಾಕು. ಧಾರಾವಾಹಿಗಂತೂ ಯಾವುದಾದರೂ ನಡೆಯುತ್ತೆ!

ಟಿವಿ ಮೇಲೆ ಅಂಟಿಸಿದ ಚೀಟಿ ನಂಬಬೇಡಿ. ದಪ್ಪಕ್ಷರದ '120' ನೋಡಿ ನಾನೊಮ್ಮೆ ಬೇಸ್ತು ಬಿದ್ದೆ. ಒಳಗಿದ್ದದ್ದು 60ರ ಪ್ಯಾನೆಲ್ಲೇ. 'ನೇಟಿವ್ ರಿಫ್ರೆಶ್ ರೇಟ್ ಎಷ್ಟು' ಅಂತಲೇ ಕೇಳಿ, ಅಂದ್ರೆ ಪ್ಯಾನೆಲ್‌ನ ನಿಜವಾದ ಹರ್ಟ್ಸ್. ಇನ್ನೊಂದು, ಟಿವಿಯ ಬೆನ್ನು ನೋಡಿ. ನಾಲ್ಕು ಎಚ್‌ಡಿಎಂಐ ಕಿಂಡಿ ಇದ್ದರೂ ಎಷ್ಟೋ ಮಾಡೆಲ್‌ಗಳಲ್ಲಿ 4ಕೆ ಚಿತ್ರವನ್ನು 120 ಹರ್ಟ್ಸ್‌ನಲ್ಲಿ ತಗೊಳ್ಳೋದು ಎರಡೇ. ಅದರಲ್ಲೂ ಒಂದು ಇಆರ್ಕ್ (ಟಿವಿಯ ಸದ್ದನ್ನು ಹೊರಗಿನ ಸ್ಪೀಕರಿಗೆ ಕಳಿಸೋ ಕಿಂಡಿ) ಆಗಿದ್ದರೆ ಸೌಂಡ್‌ಬಾರ್ ಅಲ್ಲಿಗೇ ಹೋಗಿ ಕೂರುತ್ತೆ, ಉಳಿಯೋದು ಒಂದು. ಕೇಬಲ್ ಹೊಸದು ಬೇಡ, ಪಿಎಸ್ 5 ಡಬ್ಬಿಯಲ್ಲಿರೋದೇ ಸಾಕು.

ಮನೆಗೆ ತಂದ ದಿನವೇ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಬಟನ್ ಒತ್ತಿ ಒಂದು ಗಳಿಗೆ ಆದಮೇಲೆ ಗುಂಡು ಹಾರುತ್ತೆ, ಮಗ ಟಿವಿಗೆ ಬೈತಾನೆ. ಆಮೇಲೆ ಪಿಎಸ್ 5 ಸೆಟ್ಟಿಂಗ್ಸ್‌ನಲ್ಲಿ 'ಸ್ಕ್ರೀನ್ ಅಂಡ್ ವಿಡಿಯೊ' ಒಳಗೆ ವಿಡಿಯೊ ಔಟ್‌ಪುಟ್ ಮಾಹಿತಿ ತೆರೆದು 120 ಕಾಣ್ತಿದೆಯಾ ನೋಡಿ. ಕಾಣದಿದ್ದರೆ ಕೇಬಲ್ ಬೇರೆ ಕಿಂಡಿಗೆ ಹಾಕಿ.